ಜೋಳಿಗೆಗೆ ಬಿದ್ದ ಬನ್ನು

"ನಮ್ಮನೆ ಕೊಪ್ಪರಿಗೇನ ಯಾವಳಿಗೆ ಕೊಟ್ಬುಟ್ಟ ಅಂತ ನೋಡ್ಕಂಡು ಓಗನ ಅಂದ್ಬುಟ್ಟು ಬಂದೆ ಕಣಮ್ಮಿ!"

ಮ್ಯೂಸಿಯಮ್ಮಿನ ಹೊಸಿಲು ದಾಟುವ ಮೊದಲೇ ಹೀಗೆ ಗದರಿದವರು ಸೋಮಶೇಖರನ ತಾಯಿ ಚಿಕ್ಕಮಲ್ಲಮ್ಮ. ಉಮ್ಮತ್ತೂರಿನ ದೊಡ್ಡ ಜಮೀನಿನ ಮನೆಯ ಯಜಮಾನಿತಿ. ಹಣೆ ತುಂಬ ವಿಭೂತಿ, ಮೈಮೇಲೆ ಹಸಿರು ರೇಷ್ಮೆ ಸೀರೆ, ಕತ್ತಿನಲ್ಲಿ ಚಿನ್ನದ ಗುಂಡಿನ ಸರ. ಅವರ ಹಿಂದೆ ಸೋಮಶೇಖರ ಕಿವಿಯವರೆಗೂ ಕೆಂಪಾಗಿ, ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆ ಗಡಿಯಾರ ನೋಡುತ್ತಿದ್ದ.

ಮ್ಯೂಸಿಯಂ ನೋಡಿಕೊಳ್ಳುವ ಸುಧಾಮಣಿಗೆ ನಗು ಒತ್ತರಿಸಿಕೊಂಡು ಬಂತು. ತಡೆದುಕೊಂಡಳು. ಬೆಳಿಗ್ಗೆ ತನ್ನೂರು ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತುವಾಗಲೇ ಅವಳಿಗೆ ಸುದ್ದಿ ಗೊತ್ತಿತ್ತು. "ಅವ್ವ ಬರ್ತಾಳಂತೆ. ನೋಡ್ಬೇಕಂತೆ" ಎಂದು ಹಿಂದಿನ ದಿನ ಅವನೇ ಹೇಳಿದ್ದ. ಏನನ್ನು ನೋಡಬೇಕಂತೆ ಎಂದು ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಕೇಳದಿದ್ದರೂ ಸೀರೆ ಎರಡು ಸಲ ಬದಲಾಗಿತ್ತು, ಮಲ್ಲಿಗೆ ಮೊಳದ ಬದಲು ಮಾರು ಆಗಿತ್ತು.

ಚಾಮರಾಜನಗರದ ರೈಲ್ವೆ ಸ್ಟೇಷನ್ನಿನ ಹತ್ತಿರ ಹಳೆಯ ಛತ್ರವೊಂದು ಪಾಳು ಬಿದ್ದಿತ್ತು. ನಿವೃತ್ತ ಹೆಡ್‌ಮಾಸ್ಟರ್ ಪುಟ್ಟಬಸಪ್ಪನವರು ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಅದಕ್ಕೆ ಸುಣ್ಣ ಹೊಡೆಸಿ, "ನಮ್ಮ ಜನರ ಮ್ಯೂಸಿಯಂ" ಎಂದು ಬೋರ್ಡು ಹಾಕಿಸಿದ್ದರು. ಮೈಸೂರಿನಲ್ಲಿ ಇದೇ ವಿಷಯ ಓದಿ ಬಂದಿದ್ದ ಸುಧಾಮಣಿಗೆ ಅಲ್ಲಿ ಕೆಲಸ. ಜನ ಅಟ್ಟದಿಂದ ಇಳಿಸಿ ತಂದುಕೊಟ್ಟ, ಕಾಳು ಅಳೆಯುವ ಕೊಳಗ, ಬಳ್ಳ, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ, ಹಳೆಯ ಲಾಟೀನು ಎಲ್ಲಕ್ಕೂ ಧೂಳು ಒರೆಸಿ, ಜಾಗ ಮಾಡಿ, ಕೆಳಗೆ ಚೀಟಿ ಬರೆದು ಅಂಟಿಸುವವಳು ಅವಳೇ.

ಸೋಮಶೇಖರ ಅದೇ ಊರಿನ ಕಾಲೇಜೊಂದರಲ್ಲಿ ಹಿಸ್ಟರಿ ಲೆಕ್ಚರರ್. ಮೊದಲ ಸಲ ಬಂದಾಗ ಮನೆಯ ರಾಗಿ ಕೊಳಗ ತಂದಿದ್ದ. ಮುಂದಿನ ಶನಿವಾರ ಹಿತ್ತಾಳೆ ದೀಪ. ಅದರ ಮುಂದಿನ ಶನಿವಾರ ಮರದ ಸಂದೂಕ. ಕೊನೆಗೆ ಅರಿಸಿನ ಬೇಯಿಸುವ ತಾಮ್ರದ ಕೊಪ್ಪರಿಗೆಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದಾಗ ಸುಧಾಮಣಿ ಕೈ ಕಟ್ಟಿ ನಿಂತು ಕೇಳಿದ್ದಳು.

"ಸಾರ್, ನಮ್ಮ ಮ್ಯೂಸಿಯಂ ತುಂಬೋ ಹೊತ್ತಿಗೆ ನಿಮ್ಮನೆ ಖಾಲಿ ಆಗಿರತ್ತೆ."

"ಆಗ್ಲಿ ಬಿಡಿ. ಆಮೇಲೆ ನಾನೇ ಬಂದು ಒಂದು ಮೂಲೇಲಿ ಕೂತ್ಕೋತೀನಿ. ಚೀಟಿ ಅಂಟಿಸಿಬಿಡಿ."

"ಏನಂತ ಬರೀಲಿ?"

"ಉಮ್ಮತ್ತೂರಿನದು. ಉಪಯೋಗ ತಿಳಿದಿಲ್ಲ ಅಂತ."

ಅವಳು ನಕ್ಕಳು. ಅವನು ಆ ನಗುವನ್ನು ನೋಡುತ್ತ ಟೆಂಪೋದವನಿಗೆ ಬಾಡಿಗೆ ಕೊಡುವುದನ್ನೇ ಮರೆತ. ಟೆಂಪೋದವನು ಹಾರ್ನ್ ಹೊಡೆದ ಮೇಲೆ ಎಚ್ಚರವಾಯಿತು.

ಇಂಥ ಹೊತ್ತಿನಲ್ಲಿ ಅವನ ತಾಯಿ ಬಂದಿದ್ದರು. ಕೊಪ್ಪರಿಗೆ ನೋಡುವುದು ಬರೀ ನೆಪ, ಹುಡುಗಿಯನ್ನು ನೋಡಲು ಬಂದದ್ದು ಎಂಬುದು ಬಾಗಿಲ ಬಳಿ ಮಲಗಿದ್ದ ನಾಯಿಗೂ ಗೊತ್ತಿತ್ತು.

ಚಿಕ್ಕಮಲ್ಲಮ್ಮ "ಮುಟ್ಟಬಾರದು" ಎಂದು ಬರೆದಿದ್ದ ವಸ್ತುಗಳನ್ನೆಲ್ಲ ಮುಟ್ಟಿಕೊಂಡೇ ಮುಂದೆ ನಡೆದರು. ಕೊಪ್ಪರಿಗೆಯನ್ನು ಬೆರಳಲ್ಲಿ ಬಡಿದು, "ನಮ್ಮನೇಲಿ ಇಂಗೆ ಒಳೀತಿರ್ಲಿಲ್ಲ ಕಣ. ಚೆಂದಾಗಿ ಇಟ್ಕಂಡಿದ್ದೀಯೆ" ಎಂದರು. ಸುಧಾಮಣಿಯ ಎದೆ ಹಗುರಾಯಿತು. ಅವಳು ಓರೆಗಣ್ಣಲ್ಲಿ ಸೋಮಶೇಖರನನ್ನು ನೋಡಿದಳು. ಅವನು ಪಾಸಾದ ಹುಡುಗನ ಹಾಗೆ ನಿಂತಿದ್ದ.

ಆಮೇಲೆ ಅವರು ಫೋಟೋಗಳ ಗೋಡೆಗೆ ಬಂದರು.

"ಲೇ ಸೋಮು, ಇಲ್ನೋಡ್ಲಾ! ಇದು ನಾನಲ್ವಾ?"

ಗೋಡೆಯ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದ ಫೋಟೋ ಅದು. ಬರಿಗಾಲು, ಮಾಸಿದ ಸೀರೆ, ಹೆಗಲಿಗೆ ಜೋಳಿಗೆ, ಬಸ್‌ಸ್ಟಾಪಿನ ಕಂಬ ಹಿಡಿದು ನಿಂತ ಮುದುಕಿ. ಬೆಚ್ಚಿದ ಹಾಗೆ ತಲೆಯೆತ್ತಿ ನೇರ ನೋಡುತ್ತಿದ್ದ ಕಣ್ಣು. ಸುಧಾಮಣಿಯೇ ತೆಗೆದದ್ದು. ಬಂದವರೆಲ್ಲ ಅದರ ಮುಂದೆ ನಿಂತು ಲೊಚಗುಟ್ಟಿ ಹೋಗುತ್ತಿದ್ದರು, ಇವಳಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

"ನಾನೇ ಕಣ! ಓದ ಶ್ರಾವಣದಲ್ಲಿ ಮಾದಪ್ಪನ ಜೋಳಿಗೆ ಒತ್ತಿದ್ನಲ್ಲ, ಸಂತೆಮರಳ್ಳೀಲಿ." ಚಿಕ್ಕಮಲ್ಲಮ್ಮನ ಮುಖ ಅರಳಿತ್ತು. "ಇವ್ನು ಚಿಕ್ಕೋನಾಗಿದ್ದಾಗ ಜ್ವರ ಬಂದು ಕಣ್ಣು ಮ್ಯಾಕೆ ಮಾಡ್ಬುಟ್ಟಿದ್ದ ಕಣಮ್ಮಿ. ಮಾದಪ್ಪಾ, ನನ್ ಮಗನ್ನ ಉಳಿಸ್ಕೊಡು, ಸೊಸೆ ಬಂದು ನಮ್ಮನೇಲಿ ದೀಪ ಅಚ್ಚೋ ಗಂಟ ವರ್ಷ್ವರ್ಷ ಮನೆಮನೆ ಬೇಡಿ ನಿನ್ನ ಎಸ್ರಲ್ಲಿ ಊಟ ಆಕ್ತೀನಿ ಅಂದೆ. ಇವ್ನು ಉಳ್ಕಂಡ. ಸೊಸೆ ಬಂದಿಲ್ಲ, ನಾ ಬೇಡ್ತಾನೇ ಇವ್ನಿ. ಕೆಳ್ಗೆ ಏನೋ ಬರ್ದವ್ರೆ. ನಂಗೆ ಅಕ್ಸರ ಬರಕಿಲ್ಲ. ಒಸಿ ಓದಮ್ಮಿ."

ಸುಧಾಮಣಿ ಚೀಟಿ ನೋಡಿದಳು. ಅವಳದೇ ಅಕ್ಷರ, ದುಂಡಗೆ, ಅಂದವಾಗಿ.

"ಸಂತೆಮರಹಳ್ಳಿಯ ಸಂತೆಯಲ್ಲಿ ಭಿಕ್ಷೆ ಬೇಡುತ್ತಿರುವ ನಿರ್ಗತಿಕ ವೃದ್ಧೆ. ನೋಡಿಕೊಳ್ಳುವ ಮಕ್ಕಳಿಲ್ಲದ ಇಂಥ ತಾಯಂದಿರಿಗೆ ಬೀದಿಯೇ ಆಸರೆ."

ಅವಳ ಮೈಯೆಲ್ಲ ಬಿಸಿಯಾಯಿತು.

"ಸಂತೆಮರಹಳ್ಳಿಯ ಸಂತೆಯಲ್ಲಿ..." ಎಂದು ಶುರು ಮಾಡಿದಳು. "ಮಗನಿಗಾಗಿ... ಮಾದಪ್ಪನ ಹರಕೆ ಹೊತ್ತ ತಾಯಿ."

"ಅಷ್ಟೇಯಾ? ಉದ್ದುಕ್ ಬರ್ದದೆ?"

"ಅಷ್ಟೇ ಅಮ್ಮ."

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಸುಧಾಮಣಿಗೆ ಅದಿರಲಿಲ್ಲ. ತಲೆಯೆತ್ತಿದಾಗ ಸೋಮಶೇಖರ ಅವಳ ಹೆಗಲ ಹಿಂದೆಯೇ ನಿಂತಿದ್ದ. ಅವನಿಗೆ ಅಕ್ಷರ ಬರುತ್ತಿತ್ತಲ್ಲ. ಅವನು ಪೂರ್ತಿ ಓದಿ, ಮತ್ತೊಮ್ಮೆ ಓದಿ, "ಅವ್ವ, ಬಸ್ಸಿಗೆ ಹೊತ್ತಾಯ್ತು" ಎಂದಷ್ಟೇ ಹೇಳಿದ. ಇವಳ ಕಡೆ ನೋಡಲಿಲ್ಲ.

"ಶ್ರಾವಣ ಬರೋಕ್ ಮುಂಚೆ ನಮ್ಮೂರ ಎಂಗಸರನ್ನೆಲ್ಲ ಕರ್ಕಂಡ್ ಬತ್ತೀನಿ. ಅವ್ರಿಗೂ ಇಂಗೇ ಓದಿ ಯೋಳ್ಬೇಕು ನೀನು" ಎಂದು ಚಿಕ್ಕಮಲ್ಲಮ್ಮ ಅವಳ ಕೆನ್ನೆ ಸವರಿ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಸಂಜೆ ಗುಂಡ್ಲುಪೇಟೆ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕುಳಿತಾಗ ಉಳಿದದ್ದೂ ನೆನಪಾಯಿತು. ಬನ್ನು!

ಆ ದಿನ ಸಂತೆಯ ಫೋಟೋಗಳನ್ನು ತೆಗೆದು ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಆ ಹೆಂಗಸು ಬಂದು, ಕೂಗಲೂ ಆಗದಷ್ಟು ದಣಿದು, ಮಾತಿಲ್ಲದೆ ಜೋಳಿಗೆ ಚಾಚಿದ್ದರು. ಮಾದಪ್ಪನ ಹೆಸರಲ್ಲಿ ಬೇಡುವವರನ್ನು ಸುಧಾಮಣಿ ನೋಡದವಳೇನಲ್ಲ. ಆದರೆ ಅವರೆಲ್ಲ ಕಂಸಾಳೆ ಹಿಡಿದು, ರುದ್ರಾಕ್ಷಿ ಧರಿಸಿ, ಗುಂಪಾಗಿ ಹಾಡುತ್ತ ಬರುವ ಗಂಡಸರು. ಇವರು ಒಂಟಿ ಹೆಂಗಸು, ಕಾಲಲ್ಲಿ ಚಪ್ಪಲಿಯಿಲ್ಲ, ಸೀರೆಗೆ ತೇಪೆ. ಪಾಪ, ಊಟ ಮಾಡಿ ಎಷ್ಟು ಹೊತ್ತಾಯಿತೋ ಎಂದುಕೊಂಡು ಪಕ್ಕದ ಬೇಕರಿಯಿಂದ ಒಂದು ಬನ್ನು ತಂದು, "ತಿನ್ನಿ ಅಜ್ಜಿ" ಎಂದು ಜೋಳಿಗೆಯೊಳಗೆ ಹಾಕಿಬಿಟ್ಟಳು. ಆ ಹೆಂಗಸು ಬೆಚ್ಚಿ ತಲೆಯೆತ್ತಿದರು. ಸುಧಾಮಣಿ ಅದನ್ನು ಕೃತಜ್ಞತೆ ಎಂದು ತಿಳಿದು ಕ್ಯಾಮೆರಾ ಒತ್ತಿದಳು.

ಮನೆಗೆ ಬಂದು, ಅಡುಗೆಮನೆಯಲ್ಲಿ ರಾಗಿ ಮುದ್ದೆ ತಿರುವುತ್ತಿದ್ದ ತಾಯಿ ಈರಮ್ಮನನ್ನು ಕೇಳಿದಳು. "ಅಮ್ಮ, ಮಾದಪ್ಪನ ಜೋಳಿಗೆಗೆ ಬೇಕರಿ ಬನ್ನು ಹಾಕಿದ್ರೆ ಏನಾಗತ್ತೆ?"

"ಅಯ್ಯೋ ಶಿವನೇ! ಅದ್ರಲ್ಲಿ ಮೊಟ್ಟೆ ಗಿಟ್ಟೆ ಇರತ್ತೆ ಕಣೇ. ಜೋಳಿಗೆ ಮೈಲಿಗೆ ಆಯ್ತು ಅಂತ ಬೇಡಿದ್ದನ್ನೆಲ್ಲ ಸುರಿದು, ಸ್ನಾನ ಮಾಡಿ, ಮೊದಲನೇ ಮನೆಯಿಂದ ಮತ್ತೆ ಬೇಡ್ಬೇಕು. ಉಪವಾಸ ಬೇರೆ. ಯಾವ ಪುಣ್ಯಾತ್ಗಿತ್ತಿ ಹಾಕಿದ್ಲು?"

"ಯಾರೋ" ಎಂದಳು ಸುಧಾಮಣಿ.

ಅವತ್ತು ಅವಳಿಗೆ ಮುದ್ದೆ ಇಳಿಯಲಿಲ್ಲ. ಓದಿದವಳು, ಜನರ ಬದುಕನ್ನು ಜನರಿಗೆ ತೋರಿಸುತ್ತೇನೆ ಎಂದು ಹೊರಟವಳು. ಹೆಸರೇನು ಎಂದು ಒಂದು ಮಾತು ಕೇಳಿರಲಿಲ್ಲ. ಒಂದು ಕೊಳಗಕ್ಕೂ ಯಾರ ಮನೆಯದು, ಯಾವ ಊರಿನದು ಎಂದು ವಿಚಾರಿಸಿ ಚೀಟಿ ಬರೆಯುವವಳು ಒಂದು ಮನುಷ್ಯಜೀವಕ್ಕೆ ಕೇಳದೆಯೇ ಬರೆದಿದ್ದಳು. ನಾಚಿಕೆ ಎಂದರೆ ಏನೆಂದು ಅವಳಿಗೆ ಆವತ್ತು ಗೊತ್ತಾಯಿತು.

ಮರುದಿನ ಬಾಗಿಲು ತೆಗೆದವಳೇ ಉಗುರಿನಿಂದ ಚೀಟಿ ಕೆರೆದು ಕಿತ್ತಳು.

"ಯಾಕಮ್ಮ ಕಿತ್ತೆ? ಚೆನ್ನಾಗಿ ಬರೆದಿದ್ದೆಯಲ್ಲ" ಎಂದರು ಪುಟ್ಟಬಸಪ್ಪನವರು.

"ಚೆನ್ನಾಗಿ ಬರೆದಿದ್ದೇ ತಪ್ಪಾಯ್ತು ಸಾರ್."

ಅವರಿಗೆ ಅರ್ಥವಾಗಲಿಲ್ಲ. ಕನ್ನಡಕ ಒರೆಸಿಕೊಂಡು ಒಳಗೆ ಹೋದರು.

ಶನಿವಾರ ಬಂತು. ಸೋಮಶೇಖರ ಬರಲಿಲ್ಲ. ಸುಧಾಮಣಿ ಕೊಪ್ಪರಿಗೆಯನ್ನು ಒರೆಸಿದಳು, ಮತ್ತೆ ಒರೆಸಿದಳು. ಗೇಟಿನ ಸದ್ದಾದಾಗಲೆಲ್ಲ ಎದ್ದು ನಿಂತಳು. ಬಂದದ್ದು ಒಮ್ಮೆ ಪೋಸ್ಟ್‌ಮ್ಯಾನ್, ಒಮ್ಮೆ ಮೇಕೆ. ಮೊಬೈಲಿನಲ್ಲಿ ಅವನ ಹೆಸರು ತೆಗೆದು, ಒತ್ತದೆ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾವ ಮುಖ ಇಟ್ಟುಕೊಂಡು ಮಾತಾಡುವುದು?

ಬುಧವಾರ ಮಧ್ಯಾಹ್ನ ಅವನೇ ಬಂದ. ಮೊದಲ ಸಲ ಬರಿಗೈಯಲ್ಲಿ ಬಂದಿದ್ದ.

ಇಬ್ಬರೂ ಜಗಲಿಯಲ್ಲಿ, ಕೊಪ್ಪರಿಗೆಯ ಆಚೆಯೊಬ್ಬರು ಈಚೆಯೊಬ್ಬರು ನಿಂತರು.

"ಕ್ಷಮಿಸಿ ಅನ್ನೋಕೂ ನಾಚಿಕೆ ಆಗತ್ತೆ" ಎಂದಳು ಸುಧಾಮಣಿ. "ನೀವು ಬೈದುಬಿಡಿ ಸಾರ್."

"ಬೈಯೋಕೆ ನಂಗೆ ಯೋಗ್ಯತೆ ಇಲ್ಲ."

"ಅಂದ್ರೆ?"

ಅವನು ಕೊಪ್ಪರಿಗೆಯ ಅಂಚನ್ನು ಬೆರಳಲ್ಲಿ ಸವರುತ್ತ ನಿಂತ. "ಅವತ್ತು ನಾನೂ ಸಂತೆಮರಹಳ್ಳಿಲಿದ್ದೆ. ಕಾಲೇಜಿನ ಜೀಪು, ಪಕ್ಕದಲ್ಲಿ ಪ್ರಿನ್ಸಿಪಾಲರು. ಅವ್ವ ಜೋಳಿಗೆ ಹಾಕ್ಕೊಂಡು ರಸ್ತೆ ದಾಟ್ತಿದ್ಲು. 'ಪಾಪ, ಯಾರೋ ಮುದುಕಿ' ಅಂದ್ರು ಅವರು. ನಾನು 'ಹೌದು ಸಾರ್, ಪಾಪ' ಅಂದೆ."

ಸುಧಾಮಣಿ ತಲೆಯೆತ್ತಿ ಅವನನ್ನು ನೋಡಿದಳು.

"ಕಿಟಕಿ ಗಾಜು ಏರಿಸ್ಕೊಂಡೆ. ಅವಳು ಬೇಡ್ತಿದ್ದದ್ದು ನನಗೋಸ್ಕರ. ಕ್ಲಾಸಲ್ಲಿ ಜನಪದ, ಪರಂಪರೆ ಅಂತ ಗಂಟೆಗಟ್ಲೆ ಪಾಠ ಮಾಡ್ತೀನಿ. ನನ್ನ ತಾಯಿ ಅಂತ ಹೇಳೋಕೆ ಬಾಯಿ ಬರ್ಲಿಲ್ಲ." ಅವನ ದನಿ ಇಳಿಯಿತು. "ನೋಡಿಕೊಳ್ಳುವ ಮಕ್ಕಳಿಲ್ಲ ಅಂತ ಬರೆದಿದ್ರಲ್ಲ, ಅದನ್ನ ಓದ್ದಾಗ ಸರಿಯಾಗೇ ಬರೆದಿದೀರಿ ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. ತನಗಾಗಿ ಎಷ್ಟು, ಅವನಿಗಾಗಿ ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ಕೊಪ್ಪರಿಗೆಯ ಮೇಲೆ ಅವನ ಕೈ ಇತ್ತು. ತನ್ನ ಕೈಯನ್ನು ಅದರ ಹತ್ತಿರ ಇಟ್ಟಳು, ಮುಟ್ಟಲಿಲ್ಲ.

"ಚೀಟಿ ಕಿತ್ತಿದ್ದು ಒಳ್ಳೇದಾಯ್ತು. ಅವ್ವನಿಗೆ ಏನೂ ಹೇಳ್ಬೇಡಿ" ಎಂದ ಅವನು. "ಊರ ಹೆಂಗಸರ ಜೊತೆ ಬಂದಾಗ ಅವತ್ತು ಓದಿದ ಹಾಗೇ ಓದಿಬಿಡಿ."

"ನಿಮ್ಮ ವಿಷಯ ನಾನು ಹೇಳಲ್ಲ. ನನ್ನದನ್ನ ಹೇಳದೇ ಇರೋಕೆ ಆಗಲ್ಲ ಸಾರ್. ಅವರು ನನ್ನ ಕೆನ್ನೆ ಸವರಿದ್ರು."

"ಹೇಳಿದ್ರೆ ಅವಳು ಒಪ್ಪೋಲ್ಲ."

"ಯಾವುದಕ್ಕೆ?"

ಅವನ ಕಿವಿ ಕೆಂಪಾಗುತ್ತ ಬಂತು.

"ಯಾವುದಕ್ಕೆ ಒಪ್ಪೋಲ್ಲ ಸಾರ್?"

"ಮನೇಲಿ ಇನ್ನೇನೂ ಉಳಿದಿಲ್ಲ ಸುಧಾ. ಒರಳುಕಲ್ಲೊಂದಿದೆ. ಅದನ್ನ ಎತ್ತೋಕಾಗಲ್ಲ. ಇನ್ನು ಯಾವ ನೆಪ ಹೇಳ್ಕೊಂಡು ಬರ್ಲಿ ನಾನು?" ಎಂದ ಅವನು ಒಂದೇ ಉಸಿರಿಗೆ.

ಎಷ್ಟು ತಿಂಗಳಿಂದ ಕಾದ ಮಾತದು! ಸಿಕ್ಕಿತು, ಆದರೆ ಎಂಥ ಹೊತ್ತಿನಲ್ಲಿ! ಸುಖಪಡೋಣವೆಂದರೆ ನಾಚಿಕೆ ಬಿಡಲೊಲ್ಲದು. ಬಾಯಿ ಮುಚ್ಚಿಕೊಂಡರೆ ಅವನು ಸಿಗುತ್ತಾನೆ, ಬಾಯಿ ಬಿಟ್ಟರೆ ಬಹುಶಃ ಸಿಗುವುದಿಲ್ಲ. ಅವಳು ಅಂದು ರಾತ್ರಿ ಹೊಸ ಚೀಟಿ ಬರೆದಳು.

ಉಮ್ಮತ್ತೂರಿನ ಹೆಂಗಸರು ಆಷಾಢದ ಕೊನೆಯಲ್ಲಿ ಬಂದರು. ಎಲ್ಲರಿಗಿಂತ ಮುಂದೆ ಚಿಕ್ಕಮಲ್ಲಮ್ಮ, ಪಕ್ಕದಲ್ಲಿ ಅವರ ನಾದಿನಿ ದೊಡ್ಡಮಾದಮ್ಮ, ಹಿಂದೆ ಸೋಮಶೇಖರ. ಮ್ಯೂಸಿಯಮ್ಮೆಲ್ಲ ಬಳೆ ಸದ್ದು.

"ನೋಡ್ರವ್ವ, ನಾನು! ಪಟದಲ್ಲಿ ರಾಣಿ ಅಂಗೆ ನಿಂತಿವ್ನಿ. ಓದಮ್ಮಿ, ಇವ್ರೂ ಕೇಳ್ಲಿ."

ಸೋಮಶೇಖರ ಅವಳನ್ನೇ ನೋಡುತ್ತಿದ್ದ. ಬೇಡ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಸುಧಾಮಣಿ ಗೋಡೆಗೆ ತಿರುಗಿ, ಬರೆದದ್ದನ್ನು ಬರೆದ ಹಾಗೇ ಓದಿದಳು.

"ಚಿಕ್ಕಮಲ್ಲಮ್ಮ, ಉಮ್ಮತ್ತೂರು. ಮಗ ಉಳಿಯಲೆಂದು ಮಾದಪ್ಪನಿಗೆ ಹರಕೆ ಹೊತ್ತು, ಇದ್ದ ಸಿರಿಯನ್ನೆಲ್ಲ ಮನೆಯಲ್ಲಿ ಬಿಟ್ಟು ಬರಿಗಾಲಲ್ಲಿ ಭಿಕ್ಷೆಗೆ ಹೊರಟಿದ್ದಾರೆ. ಇವರನ್ನು ದಿಕ್ಕಿಲ್ಲದ ಭಿಕ್ಷುಕಿ ಎಂದು ತಿಳಿದು ಜೋಳಿಗೆಗೆ ಬನ್ನು ಹಾಕಿದವಳು, ಕೇಳದೆ ಫೋಟೋ ತೆಗೆದವಳು, ನೋಡಿಕೊಳ್ಳುವ ಮಕ್ಕಳಿಲ್ಲ ಎಂದು ಅದರ ಕೆಳಗೆ ಬರೆದವಳು ಈ ಮ್ಯೂಸಿಯಮ್ಮಿನ ಸುಧಾಮಣಿ. ಆ ಬರಹ ತಪ್ಪು."

ಬಳೆ ಸದ್ದು ನಿಂತಿತು. ದೊಡ್ಡಮಾದಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಏನವ್ವ ಇದು! ನಮ್ಮತ್ಗೇನ ಭಿಕ್ಷುಕಿ ಅಂದ್ಳಾ?"

ಚಿಕ್ಕಮಲ್ಲಮ್ಮ ನಿಧಾನಕ್ಕೆ ಬೆಂಚಿನ ಮೇಲೆ ಕುಳಿತರು. ಮಂಡಿ ನೀವಿಕೊಂಡರು.

"ಬನ್ನು ಆಕ್ದೋಳು ನೀನೇ ಅಂತ ಅವತ್ತೇ ಗುರ್ತು ಸಿಕ್ತು ಕಣಮ್ಮಿ, ಪಟ ನೋಡ್ದೇಟ್ಗೆ. ಮರಿಯೋಕಾದದಾ ಆ ಬನ್ನ? ಬೇಡಿದ್ದನ್ನೆಲ್ಲ ಸುರ್ದು, ಕೆರೇಲಿ ಮುಳುಗೆದ್ದು, ತಿರ್ಗ ಮೊದ್ಲ ಮನೆಯಿಂದ ಬೇಡ್ಕಂಡ್ ಬಂದೆ. ಉಪವಾಸ, ಮಂಡಿ ನೋವು. ಯಾವಳಪ್ಪ ಇವಳು ಅಂತ ನಿಂಗೆ ಚೆಂದಾಗಿ ಶಾಪ ಆಕ್ಕಂಡೇ ಬೇಡ್ದೆ." ಒಂದು ಗಳಿಗೆ ನಕ್ಕರು. ಆಮೇಲೆ ನಗು ನಿಂತಿತು. "ಅವತ್ತು ನೀ ಓದ್ದಾಗ ನಿನ್ ಕಣ್ಣು ಅಕ್ಸರದ್ ಮ್ಯಾಲೆ ಇರ್ಲಿಲ್ಲ. ಏನೋ ಅದೆ ಅಂದ್ಕಂಡೆ. ಆದ್ರೆ ಮಕ್ಕಳಿಲ್ಲ ಅಂತ ಬರ್ದಿರ್ತೀಯ ಅಂತ ಅಂದ್ಕಂಡಿರ್ಲಿಲ್ಲ."

"ತಪ್ಪಾಯ್ತು ಅಮ್ಮ."

"ಇವ್ನು ಓದಿದ್ನಾ ಅದ್ನ?"

ಸುಧಾಮಣಿ ತಲೆ ತಗ್ಗಿಸಿದಳು. ಸೋಮಶೇಖರನೇ ಹೇಳಿದ. "ಓದ್ದೆ ಅವ್ವ."

"ಓದ್ಬುಟ್ಟು ಸುಮ್ಕಿದ್ಯಾ?"

ಅವನು ಊರ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋಗಿಬಿಟ್ಟ. ಈ ಹುಡುಗಿ ಇಷ್ಟು ಜನರ ಮುಂದೆ ತನ್ನ ತಪ್ಪನ್ನು ಗೋಡೆಗೆ ಹಚ್ಚಿ ಓದಿದಳು, ನನಗೆ ಹೆತ್ತವಳ ಮುಂದೆ ಒಂದು ಮಾತು ಬರಲಿಲ್ಲ ಎಂದು ಅವನಿಗೆ ಅನ್ನಿಸಿದ್ದು ಅವನ ಬೆನ್ನಲ್ಲೇ ಕಾಣುತ್ತಿತ್ತು. ಸುಧಾಮಣಿ ಅವನ ಗುಟ್ಟನ್ನು ಬಿಟ್ಟುಕೊಡಲಿಲ್ಲ.

"ಕಿತ್ತಾಕ್ಲಾ ಅಮ್ಮ ಈ ಫೋಟೋನ?"

"ಯಾಕೆ? ಇರ್ಲಿ ಬುಡು, ಚೆಂದಾಗದೆ." ಚಿಕ್ಕಮಲ್ಲಮ್ಮ ಎದ್ದರು. "ನನ್ನ ಒಂದ್ಸಲದ ಬೇಡಿಕೆ ಕೆಡಿಸಿದ್ದೀಯೆ. ಶ್ರಾವಣದ ಮೊದಲ ಸೋಮ್ವಾರ ನನ್ ಜೊತೆ ಬಾ. ಜೋಳಿಗೆ ಒತ್ಕೋ. ನಮ್ಮೂರಲ್ಲಲ್ಲ, ಅಲ್ಲಿ ಬೇಡೋದು ಸಲೀಸು. ನಿಮ್ಮೂರಲ್ಲಿ, ನಿಮ್ಮ ಬೀದೀಲಿ ಬೇಡು. ಆಮೇಕೆ ನೋಡನ."

ಆ ಸೋಮವಾರ ಸುಧಾಮಣಿ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಅಮ್ಮನ ಹಳೆಯ ಸೀರೆಯುಟ್ಟು, ಬರಿಗಾಲಲ್ಲಿ ಕಾದಳು. ಕೇರಳದ ಕಡೆ ಹೋಗುವ ಲಾರಿಗಳವರು ಕಿಟಕಿಯಿಂದ ಬಗ್ಗಿ ನೋಡಿದರು. ಚಿಕ್ಕಮಲ್ಲಮ್ಮ ಬಸ್ಸಿಂದಿಳಿದು ಅವಳ ಹಣೆಗೆ ವಿಭೂತಿ ಬಳಿದು, ಹೆಗಲಿಗೆ ಜೋಳಿಗೆ ಹಾಕಿದರು.

"ಕೂಗು. 'ಉಘೇ ಮಾದಪ್ಪಾ' ಅನ್ನು."

ಮೊದಲ ಮನೆಯ ಮುಂದೆ ಅವಳ ದನಿಯೇ ಹೊರಡಲಿಲ್ಲ. ಎರಡನೆಯ ಮನೆಯ ಮುಂದೆ ಅರ್ಧ ಹೊರಟಿತು. ಮೂರನೆಯದು ಅವಳ ಹೈಸ್ಕೂಲಿನ ಟೀಚರ ಮನೆ. ಅವರು ಬಾಗಿಲಿಗೆ ಬಂದು, "ಏನೇ ಸುಧಾ, ಇದೇನು ನಿನ್ನ ಅವತಾರ!" ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಬ್ಬರು ನೋಡಿಯೂ ನೋಡದಂತೆ ಬಾಗಿಲು ಹಾಕಿಕೊಂಡರು. ಒಬ್ಬಳು ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸು, "ಗಟ್ಟಿಮುಟ್ಟಾಗಿದೀಯ, ದುಡಿದು ತಿನ್ನೋಕೇನು?" ಎಂದಳು.

ಸುಧಾಮಣಿಗೆ ಅಳು ಬಂತು. ಚಿಕ್ಕಮಲ್ಲಮ್ಮ ಸುಮ್ಮನೆ ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದಿನ ಮನೆಗೆ ನಡೆಸಿದರು. ಆ ಕೈ ಎಷ್ಟು ವರ್ಷ ಇದೇ ಮಾತುಗಳನ್ನು ಕೇಳಿ ಗಟ್ಟಿಯಾಗಿತ್ತೋ! ತಾನು ಅವತ್ತು "ತಿನ್ನಿ ಅಜ್ಜಿ" ಎಂದಾಗ ಇವರಿಗೆ ಹೇಗಾಗಿತ್ತು ಎಂಬುದು ಈಗ ಕಾಲಿನಡಿಯ ಜಲ್ಲಿಕಲ್ಲಿನಷ್ಟು ಸ್ಪಷ್ಟವಾಗಿತ್ತು.

ತನ್ನ ಮನೆ ಬಂತು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ತಂದೆ ಗುರುಮಲ್ಲಯ್ಯ ಎದ್ದು ನಿಂತರು. ಈರಮ್ಮ ಮೊರದ ತುಂಬ ಅಕ್ಕಿ ತಂದು, ಮಗಳ ಮುಖ ನೋಡಿ, ಏನನ್ನೂ ಕೇಳದೆ ಜೋಳಿಗೆಗೆ ಸುರಿದು ಇಬ್ಬರಿಗೂ ಕೈ ಮುಗಿದರು. ಅಮ್ಮ ತನಗೆ ಕೈ ಮುಗಿದದ್ದನ್ನು ಕಂಡು ಸುಧಾಮಣಿಯ ಕಣ್ಣಿನಿಂದ ನೀರು ಹರಿಯಿತು.

ಬೀದಿಯ ಕೊನೆಯಲ್ಲಿ ಸ್ಕೂಟರ್ ನಿಂತಿತ್ತು. ಪಕ್ಕದಲ್ಲಿ ಸೋಮಶೇಖರ, ಇಸ್ತ್ರಿ ಮಾಡಿದ ಪ್ಯಾಂಟು, ಕಾಲೇಜಿನ ಬ್ಯಾಗು. ಇವರನ್ನು ಕಂಡವನೇ ಶೂ ಬಿಚ್ಚಿ ಸ್ಕೂಟರಿನ ಮೇಲಿಟ್ಟ. ನಡೆದು ಬಂದು ತಾಯಿಯ ಮುಂದೆ ನಿಂತ.

"ಅವ್ವ, ಹೋದ ವರ್ಷ ಸಂತೆಮರಹಳ್ಳೀಲಿ ಕಾಲೇಜಿನ ಜೀಪಲ್ಲಿ..."

"ಗೊತ್ತು ಕಣ್ಲಾ. ಗಾಜು ಏರಿಸ್ಕಂಡೋನು ನೀನೇ."

ಅವನ ಮುಖ ಬಿಳಿಚಿಕೊಂಡಿತು.

"ನೋಡ್ದೆ ನಾನು. ಬನ್ನು ಬಿದ್ದಿದ್ದೂ ಅವತ್ತೇ, ಗಾಜು ಏರಿದ್ದೂ ಅವತ್ತೇ. ಬನ್ನು ಆಕ್ದೋಳಿಗೆ ಬೈಕಂಡು ಬೇಡ್ದೆ. ನಿನ್ನ ಏನಂತ ಬೈಯ್ಲಿ? ನಿನ್ನ ಎಸ್ರಲ್ಲೇ ಬೇಡ್ತಿದ್ನಲ್ಲ." ಚಿಕ್ಕಮಲ್ಲಮ್ಮನ ದನಿ ಮೊದಲ ಸಲ ನಡುಗಿತು. "ಈಗ ಬಂದ್ಯಲ್ಲ. ಬುಡು."

ಅವನು ಅಲ್ಲೇ ಬೀದಿಯಲ್ಲಿ ಬಗ್ಗಿ ತಾಯಿಯ ಪಾದ ಮುಟ್ಟಿದ. ಎದ್ದು ಸುಧಾಮಣಿಯತ್ತ ಕೈ ಚಾಚಿದ. "ಕೊಡಿ. ಇಲ್ಲಿಂದ ನಾನು ಹೊರ್ತೀನಿ."

ಅವಳು ಜೋಳಿಗೆಯನ್ನು ತನ್ನ ಹೆಗಲಿಂದ ಅವನ ಹೆಗಲಿಗೆ ಏರಿಸಿದಳು. ಬೆರಳು ತಾಗಿದವು. ಈ ಸಲ ಇಬ್ಬರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಆ ಚೀಟಿ ಬದಲಾಯಿಸ್ಬೇಕು" ಎಂದಳು ಮೆಲ್ಲಗೆ.

"ಯಾವ ಚೀಟಿ?"

"ಉಮ್ಮತ್ತೂರಿನದು. ಉಪಯೋಗ ಇವತ್ತು ತಿಳಿಯಿತು."

ಅವನು ಅಳುತ್ತಲೇ ನಕ್ಕ. ಎದುರು ಮನೆಯ ಬಾಗಿಲಿಗೆ ಬಂದು "ಉಘೇ ಮಾದಪ್ಪಾ" ಎಂದು ಕೂಗಿದ. ದನಿ ಒಡೆಯಿತು. ಒಳಗಿನಿಂದ ಬಂದವಳು ಅವನ ಕಾಲೇಜಿನ ಹುಡುಗಿ, ಅವನನ್ನು ಕಂಡು ಬೆಕ್ಕಸ ಬೆರಗಾದಳು. "ಸಾರ್! ನೀವಾ?"

"ನಾನೇ ಕಣಮ್ಮ. ಇವರು ನಮ್ಮ ತಾಯಿ. ಹೋಗಿ ಅಕ್ಕಿ ತಗೊಂಡು ಬಾ."

ಹುಡುಗಿ ಒಳಗೆ ಓಡಿದಳು. ಚಿಕ್ಕಮಲ್ಲಮ್ಮ ಆ ಮನೆಯ ಜಗಲಿಯ ಮೇಲೆ ಕುಳಿತು, ಮಂಡಿ ನೀವಿಕೊಳ್ಳುತ್ತ ಇಬ್ಬರನ್ನೂ ನೋಡಿದರು.

"ನನ್ ಕಾಲಲ್ಲಿ ಇನ್ನಾಗಕಿಲ್ಲ ಕಣ್ರಪ್ಪ. ಬರೋ ವರ್ಷವೂ ನಾ ಇಂಗೆ ಜೋಳಿಗೆ ಒತ್ಕಂಡು ತಿರುಗ್ಬೇಕಾ? ನೀವಿಬ್ರೇ ಯೋಳಿ."

ಸೊಸೆ ಬಂದು ದೀಪ ಹಚ್ಚುವವರೆಗೂ ಎಂಬ ಹರಕೆ ಅದು. ಸೋಮಶೇಖರ ಸುಧಾಮಣಿಯನ್ನು ನೋಡಿದ. ಕಿವಿ ಮತ್ತೆ ಕೆಂಪಾಗಿತ್ತು. ಅವಳು ಹೋಗಿ ಚಿಕ್ಕಮಲ್ಲಮ್ಮನ ಕಾಲ ಬಳಿ ಕುಳಿತು, ಧೂಳು ಹಿಡಿದ ಆ ಪಾದವನ್ನು ತನ್ನ ಸೆರಗಿನಿಂದ ಒರೆಸಿದಳು.

"ಬರೋ ವರ್ಷ ನೀವು ಮನೇಲಿ ರೆಸ್ಟ್ ತಗೊಳ್ಳಿ ಅತ್ತೆ."

ಒಳಗಿನಿಂದ ಹುಡುಗಿ ಅಕ್ಕಿ ತಂದು ಸುರಿದಳು. ಸೋಮಶೇಖರ ಜೋಳಿಗೆ ಎತ್ತಿ ಹೆಗಲಿಗೆ ಹಾಕಿಕೊಂಡು ಬೀದಿ ತುಂಬ ಕೇಳುವ ಹಾಗೆ "ಉಘೇ ಮಾದಪ್ಪಾ" ಎಂದ. ಮುಂದಿನ ಮನೆಯವರು ಕರೆಯುವ ಮೊದಲೇ ಅಕ್ಕಿ ಹಿಡಿದು ಹೊರಗೆ ಬಂದರು.